ಲಕ್ಷ್ಮೀಶನ ಊರು, ನಮ್ಮ ಹತ್ತು ಶಬ್ದ

ಸುರಪುರದಾಗ ಲಕ್ಷ್ಮೀಶನ ಹೆಸರು ತೆಗೆದ್ರ ಮಾತು ಕಾವ್ಯದ ಮ್ಯಾಲ ನಿಲ್ಲೂದಿಲ್ಲ, ಸೀದಾ ದೇವಪುರಕ್ಕ ಹೋಗ್ತದ. ಜೈಮಿನಿ ಭಾರತದ ಕವಿ ತನ್ನ ದೈವವನ್ನು ದೇವಪುರದ ಲಕ್ಷ್ಮೀಪತಿ ಎಂದು ನೆನೆಯುತ್ತಾನೆ. ಆ ದೇವಪುರ ಸುರಪುರದ ಹತ್ತಿರದ್ದೇ ಅಂತ ನಮ್ಮವರು. ಅಲ್ಲ, ಕಡೂರು ತಾಲ್ಲೂಕಿನ ದೇವನೂರು ಅಂತ ಆ ಕಡೆಯವರು. ಹೆಚ್ಚಿನ ವಿದ್ವಾಂಸರು ಒಪ್ಪಿರುವುದೂ ದೇವನೂರನ್ನೇ.

ನನ್ನ ತಕರಾರು ಊರಿನದಲ್ಲ, ಓದಿನದು. ನಮ್ಮವರು ಕಾವ್ಯದಾಗ ಹತ್ತು ಶಬ್ದ ಹೆಕ್ಕಿ 'ನೋಡ್ರಿ, ಇವು ನಮ್ಮ ಮಂದಿ ಮಾತು' ಅಂತಾರ. ಅವುಗಳ ಪಕ್ಕದಲ್ಲೇ ಇರುವ, ನಮ್ಮ ಬಾಯಾಗ ಎಂದೂ ಬಾರದ ನೂರು ಶಬ್ದ ಕಣ್ಣಿಗೆ ಬೀಳೂದಿಲ್ಲ. (ನಾನೂ ಹಿಂಗ ಓದಿದವನೇ.)

ಯಂತ್ರ ಹಂಗ ಹೆಕ್ಕೂದಿಲ್ಲ, ಎಲ್ಲಾ ಎಣಿಸ್ತದ. ಅಮೆರಿಕದ ಫೆಡರಲಿಸ್ಟ್ ಲೇಖನಗಳಲ್ಲಿ 12 ಹ್ಯಾಮಿಲ್ಟನ್‌ನವೋ ಮ್ಯಾಡಿಸನ್‌ನವೋ ಎಂಬ ಹಳೆಯ ಜಗಳವಿತ್ತು. ಮಾಸ್ಟೆಲರ್ ಮತ್ತು ವಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1964ರ ಪುಸ್ತಕದಲ್ಲಿ ಅವು ಮ್ಯಾಡಿಸನ್‌ನವು ಅಂದರು. ಅವರು ಹಿಡಿದದ್ದು ದೊಡ್ಡ ವಿಚಾರಗಳನ್ನಲ್ಲ, 'ಅಪಾನ್'ನಂಥ ಪುಡಿ ಶಬ್ದಗಳನ್ನು. ಹ್ಯಾಮಿಲ್ಟನ್ ಅದನ್ನು ಮತ್ತೆ ಮತ್ತೆ ಬಳಸುತ್ತಿದ್ದ, ಮ್ಯಾಡಿಸನ್ ಅಪರೂಪಕ್ಕೆ. ಅಂಥ ಶಬ್ದದ ಮೇಲೆ ಯಾರಿಗೂ ಅಭಿಮಾನ ಇರುವುದಿಲ್ಲ.

ಕನ್ನಡದಾಗ ಇದು ಅಷ್ಟು ಹಗೂರಿಲ್ಲ. ಇಂಗ್ಲಿಷಿನ ಪುಡಿ ಶಬ್ದಗಳ ಕೆಲಸವನ್ನು ಇಲ್ಲಿ ಬಹಳಷ್ಟು ಪ್ರತ್ಯಯಗಳೇ ಮಾಡ್ತಾವ. ಸಂಧಿ ಬಿಡಿಸದೆ ಎಣಿಸಿದರೆ ಲೆಕ್ಕವೇ ತಪ್ಪು. ಮ್ಯಾಲ ವಾರ್ಧಕ ಷಟ್ಪದಿ ಬ್ಯಾರೆ. ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು ಅಂದ್ರ ಎಷ್ಟೋ ಶಬ್ದಗಳನ್ನು ಆರಿಸಿದ್ದು ಕವಿಯಲ್ಲ, ಪ್ರಾಸ. ಭಾಮಿನಿಯ ಕುಮಾರವ್ಯಾಸನನ್ನು ಪಕ್ಕಕ್ಕಿಟ್ಟರೆ ಯಂತ್ರ ಹೇಳುವುದು ಛಂದಸ್ಸಿನ ವ್ಯತ್ಯಾಸವನ್ನೇ ಹೊರತು ಕವಿಗಳದ್ದಲ್ಲ. ಹೋಲಿಸಲು ವಾರ್ಧಕದ ಕಾವ್ಯವೇ ಬೇಕು. ವಿರೂಪಾಕ್ಷ ಪಂಡಿತನ ಚೆನ್ನಬಸವ ಪುರಾಣ (1584) ಅಂಥದ್ದು. ಪಠ್ಯದ ಮಾತೂ ಅದ. ಯಂತ್ರಕ್ಕ ನಾವು ಕೊಡೂದು ಅಚ್ಚಾದ ಪುಸ್ತಕ. ಅದರಾಗ ಓಲೆಗರಿಯ ಪಾಠಾಂತರಗಳಲ್ಲಿ ಒಂದನ್ನು ಆರಿಸಿದ ಸಂಪಾದಕನ ಕೈ ಇರ್ತದ.

ಇಷ್ಟೆಲ್ಲ ಮಾಡಿದರೂ ಯಂತ್ರ ಊರು ಹೇಳೂದಿಲ್ಲ. ಕಾವ್ಯದ ಕನ್ನಡ ಮನೆಮಾತಲ್ಲ, ಕವಿ ಕಲಿತದ್ದು. ಅದು ಮಾಡಬಲ್ಲದ್ದು ಇಷ್ಟು: ನಮ್ಮ ಹತ್ತು ಶಬ್ದ ಚೆನ್ನಬಸವ ಪುರಾಣದಾಗೂ ಅದಾವೇನು ಅಂತ ಹುಡುಕಿ ಮುಂದಿಡೂದು. ಇದ್ರ ಅವು ಸುರಪುರದ ಸ್ವತ್ತಲ್ಲ, ಪಟ್ಟಿಯಿಂದ ತೆಗೀಬೇಕು. ದೇವನೂರಿನವರ ಪಟ್ಟಿಗೂ ಇದೇ ಲೆಕ್ಕ. ಎರಡೂ ಖಾಲಿಯಾದ ದಿನ ಚಂದ್ರಹಾಸನ ಕತಿ ಓದ್ಲಾಕ ಕೂಡೋಣ.