ಒತ್ತೆಯ ಮಕ್ಕಳು, ತಂದೆಯಂಥ ಜನರಲ್

ರಾಬರ್ಟ್ ಹೋಮ್ ಬರೆದ ಆ ದೊಡ್ಡ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿದೆ. 1792ರ ಫೆಬ್ರುವರಿ, ಶ್ರೀರಂಗಪಟ್ಟಣದ ಹೊರಗೆ ಇಂಗ್ಲಿಷರ ಪಾಳೆಯ. ಟಿಪ್ಪುವಿನ ಇಬ್ಬರು ಮಕ್ಕಳು, ಹತ್ತರ ಆಸುಪಾಸಿನ ಅಬ್ದುಲ್ ಖಾಲಿಕ್ ಮತ್ತು ಎಂಟರ ಮೊಯಿಜುದ್ದೀನ್, ಒತ್ತೆಯಾಳುಗಳಾಗಿ ಬಂದಿದ್ದಾರೆ. ಇಂಗ್ಲಿಷರ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್ ಆ ಮಕ್ಕಳನ್ನು ಕೈ ಹಿಡಿದು ಬರಮಾಡಿಕೊಳ್ಳುತ್ತಿದ್ದಾನೆ.

ಹೋಮ್ ಸೈನ್ಯದ ಜೊತೆಗೇ ಇದ್ದವನು. ಡೇರೆ, ಆನೆ, ಮಕ್ಕಳ ಬಿಳಿಯ ಉಡುಪು, ಎಲ್ಲದರಲ್ಲೂ ಕಣ್ಣಾರೆ ಕಂಡವನ ಹಿಡಿತವಿದೆ. ಇದೇ ಪ್ರಸಂಗವನ್ನು ಇಂಡಿಯಾ ನೋಡದೆ ಲಂಡನ್ನಿನಲ್ಲೇ ಕೂತು ಬರೆದ ಮೇದರ್ ಬ್ರೌನ್‌ನ ಆಡಂಬರಕ್ಕಿಂತ ಹೋಮ್ ಎಷ್ಟೋ ಮೇಲು. ಆದರೆ ಅವನ ಕೌಶಲವೇ ನನಗೆ ತೊಡಕಾಗಿ ಕಾಣುತ್ತದೆ. ಯುದ್ಧ ನಿಲ್ಲಿಸಿದ ಒಡಂಬಡಿಕೆಯಂತೆ ಟಿಪ್ಪು ಕೊಡಬೇಕಾದದ್ದು ಅರ್ಧ ರಾಜ್ಯ, ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ. ಆ ಸಾಲಕ್ಕೆ ಅಡವಾದವರು ಈ ಮಕ್ಕಳು. ಅವರನ್ನು ಮದರಾಸಿಗೆ ಒಯ್ದರು. ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ಚಿತ್ರದಲ್ಲಿ ಮಾತ್ರ ಅಡವಿನ ಸುಳಿವಿಲ್ಲ, ವಾತ್ಸಲ್ಯವೇ ತುಂಬಿದೆ.

ಕಾರ್ನ್‌ವಾಲಿಸನ ಬದುಕಿನಲ್ಲಿ ಈ ವಾತ್ಸಲ್ಯಕ್ಕೆ ಆಧಾರವಿಲ್ಲದಿಲ್ಲ. ಸಫೋಕಿನ ಹಳೆಯ ಮನೆತನ ಅವನದು. ತಂದೆ ಮೊದಲ ಅರ್ಲ್, ಚಿಕ್ಕಪ್ಪ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್, ತಮ್ಮ ವಿಲಿಯಂ ನೌಕಾಪಡೆಯ ಅಧಿಕಾರಿ. ಹೆಂಡತಿ ಜೆಮೈಮಾ 1779ರಲ್ಲೇ ತೀರಿಕೊಂಡಳು. 1786ರಲ್ಲಿ ಗವರ್ನರ್ ಜನರಲ್ ಆಗಿ ಹೊರಟಾಗ ಒಬ್ಬನೇ ಮಗ ಇಂಗ್ಲೆಂಡಿನಲ್ಲಿ ಉಳಿದ. ಮಗನನ್ನು ದೂರ ಬಿಟ್ಟ ತಂದೆಗೆ ಆ ಹುಡುಗರ ಮೇಲೆ ಮರುಕ ಹುಟ್ಟಿರಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾಗಿದ್ದ ಸೇನಾನಿಗೆ ಈ ಚಿತ್ರ ಮರಳಿ ತಂದುಕೊಟ್ಟ ಗೌರವ ಆ ಇಬ್ಬರ ಸೆರೆಯಿಂದ ಬಂದದ್ದು. ಅವನ ಪತ್ರಗಳನ್ನು 1859ರಲ್ಲಿ ಹೊರತಂದ ಚಾರ್ಲ್ಸ್ ರಾಸ್ ಕೂಡ ಮನೆಯವನೇ, ಕಾರ್ನ್‌ವಾಲಿಸನ ಮೊಮ್ಮಗಳ ಗಂಡ. ಮನೆತನದ ಕೈಯಲ್ಲಿ ಮನೆತನದ ಹಿರಿಯನ ಕಥೆ ಕಟ್ಟಿಕೊಂಡದ್ದು ಹೀಗೆ.

ಶಿವಮೊಗ್ಗದ ಆಲ್ಕೊಳದಲ್ಲಿ ಕೂತು ಈ ಚಿತ್ರ ನೋಡುವವರಿಗೆ ಅದರಲ್ಲಿ ಇಲ್ಲದ್ದು ಬೇಗ ಕಾಣುತ್ತದೆ. ಆ ಸಮಾರಂಭಕ್ಕೆ ಎರಡು ತಿಂಗಳು ಮೊದಲು, 1791ರ ಡಿಸೆಂಬರ್ 29ರಂದು, ಇಲ್ಲೇ ಗಾಜನೂರಿನ ಕಾಡಿನಲ್ಲಿ ಕ್ಯಾಪ್ಟನ್ ಲಿಟಲ್‌ನ ಮುಂಬಯಿ ತುಕಡಿ ಟಿಪ್ಪುವಿನ ಸೈನ್ಯವನ್ನು ಚದುರಿಸಿತು. ಜನವರಿಯ ಮೊದಲಲ್ಲಿ ಶಿವಮೊಗ್ಗದ ಕೋಟೆ ಆ ತುಕಡಿಗೂ ಪರಶುರಾಮ ಭಾವುವಿನ ಮರಾಠಾ ದಂಡಿಗೂ ಶರಣಾಯಿತು. ಗಾಜನೂರಿನ ಕಾಳಗದಲ್ಲಿ ಗಾಯಗೊಂಡ ಎಡ್ವರ್ಡ್ ಮೂರ್ ಎಂಬ ಕಿರಿಯ ಅಧಿಕಾರಿ 1794ರಲ್ಲಿ ಲಿಟಲ್ ತುಕಡಿಯ ದಂಡಯಾತ್ರೆಯ ಪುಸ್ತಕ ಹೊರತಂದ. ಅದೇ ವರ್ಷ ಹೋಮ್‌ನ ಮೈಸೂರು ದೃಶ್ಯಗಳ ಸಂಪುಟವೂ ಬಂತು. ಮೂರ್ ಕೂಡ ಗೆದ್ದವರ ಕಡೆಯವನೇ. ಆದರೂ ಅವನಲ್ಲಿ ನಮ್ಮ ಊರುಗಳಿಗೆ ಜಾಗವಿದೆ, ಯುದ್ಧ ಯುದ್ಧವಾಗಿಯೇ ಇದೆ. ಕಾರ್ನ್‌ವಾಲಿಸನ ಬದುಕನ್ನು ಕನ್ನಡದಲ್ಲಿ ಯಾರಾದರೂ ಹೊಸದಾಗಿ ಬರೆಯುವುದಾದರೆ ಮೂರ್‌ನ ಪುಸ್ತಕದಿಂದ ಶುರುಮಾಡಲಿ, ಹೋಮ್‌ನ ಚಿತ್ರಕ್ಕೆ ಆಮೇಲೆ ಬರಲಿ.