ಎರವಲು ಚಿತ್ರ, ಸ್ವಂತ ಮೈ

ಮೈಸೂರಿನ ಜಗನ್ಮೋಹನ ಅರಮನೆಯ ದೀಪಧಾರಿಣಿಯನ್ನು ಬರೆದವರು ಎಸ್.ಎಲ್. ಹಲ್ದಂಕರ್. ಜಲವರ್ಣದ ಆ ಚಿತ್ರವನ್ನು ರವಿವರ್ಮನದೆಂದೇ ನಂಬಿದವರು ಇಂದಿಗೂ ಎಷ್ಟೋ ಮಂದಿ ಇದ್ದಾರೆ. ಅದಕ್ಕೆ ಕಾರಣವೂ ಇದೆ. ಸೀರೆಯುಟ್ಟು, ತುಂಬಿದ ಮೈಯ, ತಿಳಿಬಣ್ಣದ ಹೆಂಗಸೊಬ್ಬಳು ಅರೆಬೆಳಕಿನಲ್ಲಿ ನಿಂತಿದ್ದರೆ ಅವಳು ರವಿವರ್ಮನ ಕುಂಚದವಳೇ ಇರಬೇಕು ಎನ್ನುವಷ್ಟು ಆ ಮಾದರಿ ನಮ್ಮ ಕಣ್ಣಿಗೆ ಒಗ್ಗಿಹೋಗಿದೆ. 1894ರಲ್ಲಿ ಮುಂಬೈನಲ್ಲಿ ಶುರುವಾದ ರವಿವರ್ಮನ ಅಚ್ಚುಕೂಟ ಲಕ್ಷ್ಮಿ, ಸರಸ್ವತಿಯರನ್ನು ಬಡವರ ಮನೆಯ ಗೋಡೆಗೂ ತಂದಿತು. ಅದರ ಬೆನ್ನಿಗೇ ಕ್ಯಾಲೆಂಡರು, ಬೆಂಕಿಪೊಟ್ಟಣದ ಚೀಟಿ, ಸಿನಿಮಾ ಪೋಸ್ಟರು ಬಂದವು. ಚೆಲುವೆ ಎಂದರೆ ಹೀಗಿರಬೇಕು ಎಂಬ ತೀರ್ಪು ಯಾರೂ ಕೂತು ಚರ್ಚಿಸದೆಯೇ ಹೊರಬಿತ್ತು.

ಆ ತೀರ್ಪನ್ನು ಪ್ರಶ್ನಿಸಲು ಭಾರತೀಯ ಕಲಾವಿದರಲ್ಲಿ ಕೆಲವರು ಹಿಡಿದ ದಾರಿ ವಿಶೇಷವಾದದ್ದು. ಹಳೆಯ ಚಿತ್ರವೊಂದನ್ನು ಎರವಲು ತಂದು ಅದರೊಳಗೆ ತಾವೇ ನಿಲ್ಲುವುದು. ಅಮೃತಾ ಶೇರ್‌ಗಿಲ್ 1934ರಲ್ಲೇ ತನ್ನನ್ನು ತಹೀತಿಯ ಹೆಂಗಸಿನಂತೆ, ಅರೆಬೆತ್ತಲಾಗಿ ಚಿತ್ರಿಸಿಕೊಂಡಳು. ಫ್ರೆಂಚ್ ಚಿತ್ರಕಾರ ಗೋಗ್ಯಾಂ ನೋಡಿದ ಮೈಯೊಳಗೆ ತಾನೇ ಹೊಕ್ಕು, ಬೆನ್ನಹಿಂದೆ ಗಂಡಸಿನ ನೆರಳೊಂದನ್ನು ಬಿಟ್ಟಳು. 1972ರಲ್ಲಿ ಬರೋಡದ ಭೂಪೇನ್ ಖಖ್ಖರ್ ತಮ್ಮ ಪ್ರದರ್ಶನದ ಕೆಟಲಾಗಿಗೆ ಜೇಮ್ಸ್ ಬಾಂಡ್, ಮಿಸ್ಟರ್ ಯೂನಿವರ್ಸ್, ಟೂತ್‌ಪೇಸ್ಟ್ ಜಾಹೀರಾತಿನ ಗಂಡಸು ಹೀಗೆ ಬೇರೆ ಬೇರೆ ವೇಷದಲ್ಲಿ ಫೋಟೊ ತೆಗೆಸಿಕೊಂಡರು. ಗಂಡಸುತನವೂ ತೊಟ್ಟುಕೊಳ್ಳುವ ಉಡುಗೆಯೇ ಎಂದು ಅಷ್ಟು ನೇರವಾಗಿ ಹೇಳಿದ ಭಾರತೀಯ ಕೃತಿ ಅದಕ್ಕೆ ಮುಂಚೆ ನನಗೆ ಕಂಡಿಲ್ಲ. ಅಮೆರಿಕದಲ್ಲಿ ಸಿಂಡಿ ಶೆರ್ಮನ್ ಸಿನಿಮಾ ನಾಯಕಿಯರ ಭಂಗಿಗಳನ್ನು ತನ್ನ ಮೈಮೇಲೆ ತಂದುಕೊಳ್ಳಲು ಶುರುಮಾಡಿದ್ದು 1977ರಲ್ಲಿ. ಹಾಗಾಗಿ ನಮ್ಮಲ್ಲಿ ಈ ಬಗೆಯ ಕೆಲಸ ಕಂಡಾಗಲೆಲ್ಲ ಶೆರ್ಮನ್ ಹೆಸರೆತ್ತುವ ವಿಮರ್ಶೆ ಅರ್ಧ ಚರಿತ್ರೆಯನ್ನಷ್ಟೇ ಹೇಳುತ್ತದೆ.

ಈ ಪರಂಪರೆಯ ದೊಡ್ಡ ಹೆಸರು ಬೆಂಗಳೂರಿನ ಎನ್. ಪುಷ್ಪಮಾಲಾ. 1956ರಲ್ಲಿ ಹುಟ್ಟಿ, ಬರೋಡದಲ್ಲಿ ಶಿಲ್ಪಕಲೆ ಕಲಿತು, ಮೊದಲ ವರ್ಷಗಳಲ್ಲಿ ಸುಟ್ಟಮಣ್ಣಿನ ಹುಡುಗಿಯರನ್ನು ಮಾಡುತ್ತಿದ್ದವರು. 'ಫ್ಯಾಂಟಮ್ ಲೇಡಿ'ಯಲ್ಲಿ (1996-98) ಅವರು ಮುಖವಾಡ ತೊಟ್ಟು ಮುಂಬೈ ಬೀದಿಗಿಳಿದರು. ಆಮೇಲೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ದುಡಿದು 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಮುಗಿಸಿದರು. ಅದರಲ್ಲಿ ರವಿವರ್ಮನ ಲಕ್ಷ್ಮಿ ಇದ್ದಾಳೆ, ಬೆಳದಿಂಗಳಲ್ಲಿ ಕೂತವಳಿದ್ದಾಳೆ. ಬಿಜಾಪುರ ಶೈಲಿಯ ಯೋಗಿನಿ, ವೇಳಾಂಕಣಿ ಮಾತೆ, ಚಾವಟಿ ಬೀಸುವ ಜಯಲಲಿತಾ, ಪೊಲೀಸರ ಕೈಗೆ ಸಿಕ್ಕ ಇಬ್ಬರು ಹೆಂಗಸರ ಪತ್ರಿಕಾ ಚಿತ್ರ, ಎಲ್ಲ ಇವೆ. ಎಲ್ಲದರಲ್ಲೂ ಪುಷ್ಪಮಾಲಾರೇ ನಿಂತಿದ್ದಾರೆ.

ಲಕ್ಷ್ಮಿಯ ಚಿತ್ರವನ್ನು ಹತ್ತಿರದಿಂದ ನೋಡಬೇಕು. ತಾವರೆ, ನಾಲ್ಕು ಕೈ, ಬರೆಸಿದ ಪರದೆ ಯಾವುದೂ ತಪ್ಪಿಲ್ಲ. ಮುಖ ಮಾತ್ರ ನಲವತ್ತು ದಾಟಿದ ಹೆಂಗಸೊಬ್ಬಳದು. ಕುಂಚ ಮುಚ್ಚಿಡುವ ಗೆರೆ, ಭಾರ, ದಣಿವನ್ನು ಕ್ಯಾಮೆರಾ ಮುಚ್ಚುವುದಿಲ್ಲ. ಬಟ್ಟೆ, ಬಣ್ಣ, ಬೆಳಕು, ಅಲುಗಾಡದೆ ನಿಲ್ಲುವ ಸಹನೆ ಇಷ್ಟೆಲ್ಲ ಸೇರಿದ ಮೇಲೆಯೇ ಒಬ್ಬಳು ದೇವಿ ತಯಾರಾಗುತ್ತಾಳೆ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಚಿತ್ರೀಕರಣದ ಹಿಂದಿನ ಸಿದ್ಧತೆಯನ್ನೂ ಪ್ರತ್ಯೇಕ ಸರಣಿಯಾಗಿ ಅವರು ತೂಗುಹಾಕಿದ್ದು ಇದೇ ಕಾರಣಕ್ಕೆ ಎಂದು ನಾನು ಓದಿಕೊಳ್ಳುತ್ತೇನೆ. ಇಡೀ ಯೋಜನೆಯಲ್ಲಿ ನನಗೆ ಅತಿ ಪ್ರಾಮಾಣಿಕವೆನಿಸುವ ಭಾಗ ಅದು. ಕೈಚಳಕದ ಗುಟ್ಟನ್ನು ಬಿಟ್ಟುಕೊಟ್ಟ ಮೇಲೂ ಚಿತ್ರಗಳ ಸೆಳೆತ ಕಡಿಮೆಯಾಗುವುದಿಲ್ಲ.

ಅದೇ ಸರಣಿಯ ತೋಡ ಬುಡಕಟ್ಟಿನ ಹೆಂಗಸಿನ ಚಿತ್ರದ ಮುಂದೆ ಮಾತ್ರ ನನ್ನ ಮೆಚ್ಚುಗೆ ತಡವರಿಸುತ್ತದೆ. 1890ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಎಂ.ವಿ. ಪೋರ್ಟ್‌ಮನ್ ಅಂಡಮಾನಿನ ಜನರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಫೋಟೊ ತೆಗೆದ. ಪರದೆಯ ಚೌಕಗಳನ್ನು ಎಣಿಸಿದರೆ ಮೈಯ ಉದ್ದಗಲ ಸಿಗುತ್ತಿತ್ತು. ಮನುಷ್ಯನನ್ನು ಜನಾಂಗದ ಮಾದರಿಯಾಗಿ ಅಳೆಯುವ ಆ ಕ್ರಮವನ್ನು ಪುಷ್ಪಮಾಲಾ ತಮ್ಮ ಮೇಲೆ ಹೇರಿಕೊಳ್ಳುತ್ತಾರೆ. ಉದ್ದೇಶ ಸ್ಪಷ್ಟವಾಗಿದೆ, ಧೈರ್ಯವೂ ಇದೆ. ಆದರೆ ಲಕ್ಷ್ಮಿಯ ಪಟದಲ್ಲಿ ದೇವಿಗೂ ಹೆಂಗಸಿಗೂ ನಡುವಿನ ಅಂತರ ಕೃತಿಗೆ ಬಲ ಕೊಟ್ಟರೆ, ಇಲ್ಲಿ ಕಲಾವಿದೆಗೂ ಅಳೆಸಿಕೊಂಡವಳಿಗೂ ನಡುವಿನ ಅಂತರವನ್ನು ಕೃತಿ ಮುಟ್ಟುವುದೇ ಇಲ್ಲ. ಚಿತ್ರೀಕರಣ ಮುಗಿದ ಮೇಲೆ ಒಬ್ಬರು ಆ ವೇಷ ಕಳಚಬಲ್ಲರು. ಮೊದಲು ನಿಂತವಳಿಗೆ ಕಳಚಲು ವೇಷವೇ ಇರಲಿಲ್ಲ. ಪೊಲೀಸರ ಮುಂದೆ ನಿಂತ ಇಬ್ಬರ ಚಿತ್ರಕ್ಕೂ ಇದೇ ಮಾತು ಸಲ್ಲುತ್ತದೆ. 'ಗುರುತು ಕಟ್ಟಿದ್ದು, ಹಾಗಾಗಿ ಕೆಡವಬಹುದು' ಎಂಬುದು ಈ ಪಂಥದ ಮುಖ್ಯ ನಂಬಿಕೆ. ಜಾತಿ, ಮೈಬಣ್ಣ, ಬಡತನದ ವಿಷಯ ಬಂದಾಗ ಆ ನಂಬಿಕೆ ಎಲ್ಲರ ಕೈಗೂ ಒಂದೇ ಸಮನಾಗಿ ಸಿಗುವುದಿಲ್ಲ. ಬೇರೆಯವರ ಪಾಡನ್ನು ನಟಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ, ಹಾಗೆಂದರೆ ರಂಗಭೂಮಿಯೇ ಉಳಿಯದು. ನಟನೆಗೆ ಎಟುಕದ್ದು ಏನು ಎಂಬುದಕ್ಕೂ ಕೃತಿಯಲ್ಲಿ ಜಾಗವಿರಬೇಕಿತ್ತು ಎಂಬುದಷ್ಟೇ ನನ್ನ ತಕರಾರು.

ಅದೇ ಬೆಂಗಳೂರಿನಲ್ಲಿ, ಅದೇ ವರ್ಷಗಳಲ್ಲಿ ಶೀಲಾ ಗೌಡ ಬೇರೊಂದು ಉತ್ತರ ಹುಡುಕುತ್ತಿದ್ದರು. ಭದ್ರಾವತಿಯಲ್ಲಿ ಹುಟ್ಟಿ, ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್‌ಗಳಲ್ಲಿ ಕಲಿತ ಈ ಚಿತ್ರಕಲಾವಿದೆ ತೊಂಬತ್ತರ ದಶಕದಲ್ಲಿ ಕ್ಯಾನ್ವಾಸ್ ಬಿಟ್ಟು ಸೆಗಣಿ, ದಾರ, ಕುಂಕುಮ ಕೈಗೆತ್ತಿಕೊಂಡರು. 1998ರ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಕೃತಿಯಲ್ಲಿ ಮೈಯೇ ಕಾಣುವುದಿಲ್ಲ. ಉದ್ದನೆಯ ದಾರವನ್ನು ಸೂಜಿಯ ಕಣ್ಣಿನಲ್ಲಿ ಅರ್ಧದವರೆಗೆ ಎಳೆದು ಮಡಚುವುದು, ಇನ್ನೊಂದು ಸೂಜಿ, ಇನ್ನೊಂದು ದಾರ; ಹಾಗೆ ಕೂಡಿಬಂದ ಎಳೆಗಳಿಗೆಲ್ಲ ಅಂಟು, ಕುಂಕುಮ ಬಳಿದು ಹಗ್ಗ ಮಾಡುವುದು. ಕೊನೆಗೆ ಕೋಣೆಯ ಗೋಡೆ, ನೆಲದ ಮೇಲೆ ಹರಿದಾಡುವ ಕೆಂಪು ಹಗ್ಗ, ಅದರ ತುದಿಯಲ್ಲಿ ಸೂಜಿಗಳ ಗೊಂಚಲು. ಕರುಳೆನ್ನಿ, ರಕ್ತನಾಳವೆನ್ನಿ, ದಿನಗಟ್ಟಲೆ ಬಾಗಿ ದುಡಿದ ಬೆನ್ನೆನ್ನಿ, ಎಲ್ಲವೂ ಅದರಲ್ಲಿದೆ. ನೋಡಿ ಸುಖಿಸಲು ಒಂದು ಮುಖ ಮಾತ್ರ ಸಿಗುವುದಿಲ್ಲ.

2009ರ ವೆನಿಸ್ ಬಿನಾಲೆಯಲ್ಲಿ ತೋರಿಸಿದ 'ಬಿಹೋಲ್ಡ್' ಇನ್ನೂ ಗಟ್ಟಿಯಾದ ಕೃತಿ. ಸುಮಾರು 4 ಕಿಲೋಮೀಟರ್ ಉದ್ದದ ಕೂದಲಿನ ಹಗ್ಗ, ಅದರಿಂದ ತೂಗಿದ ಕಾರಿನ ಉಕ್ಕಿನ ಬಂಪರುಗಳು. ಬೆಂಗಳೂರಿನಲ್ಲಿ ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುವ ಕಪ್ಪು ಹಗ್ಗವೇ ಇದರ ಮೂಲ. ದೇವಸ್ಥಾನದಲ್ಲಿ ಹರಕೆಯಾಗಿ ಕೊಟ್ಟ ಮುಡಿಯಲ್ಲಿ ನೀಳವಾದದ್ದು ವಿಗ್ ವ್ಯಾಪಾರಕ್ಕೆ ಹೋಗುತ್ತದೆ, ಗಿಡ್ಡದ್ದು ಹಗ್ಗವಾಗುತ್ತದೆ. ಒಬ್ಬಳ ಭಕ್ತಿ ಇನ್ನೊಬ್ಬಳ ಅಲಂಕಾರವಾಗುವ ಈ ವಹಿವಾಟಿನಲ್ಲಿ ಚೆಲುವಿಗೆ ಯಾರು ಏನು ತೆತ್ತರು ಎಂಬ ಲೆಕ್ಕವಿದೆ. ಕೊಟ್ಟವರ ಹೆಸರು ಇಲ್ಲಿ ಇಲ್ಲ. ಆದರೆ ಅವರ ಪರವಾಗಿ ನಿಲ್ಲಲು ಶೀಲಾ ಹೋಗುವುದಿಲ್ಲ. ಅವರಿಂದ ಬಂದದ್ದನ್ನೇ ಎದುರಿಗಿಟ್ಟು, ಉಕ್ಕಿನ ಭಾರವನ್ನು ಅದರ ಮೇಲೆಯೇ ಹೊರಿಸುತ್ತಾರೆ.

ಇಷ್ಟಾದರೂ ಪುಷ್ಪಮಾಲಾರನ್ನು ಬದಿಗಿಟ್ಟು ಶೀಲಾರನ್ನು ಮೆರೆಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಕಣ್ಣಿಗೆ ಅಂಟಿದ ಚಿತ್ರಗಳನ್ನು ಸುಲಿದು ತೋರಿಸುವ ಕೆಲಸಕ್ಕೆ ಮುಖ ಬೇಕು, ವೇಷ ಬೇಕು, ಪುಷ್ಪಮಾಲಾರ ಎದೆಗಾರಿಕೆಯೂ ಬೇಕು. ಕರ್ನಾಟಕದ ಯಾವುದಾದರೂ ಗ್ಯಾಲರಿ ಇವರಿಬ್ಬರ ಕೃತಿಗಳನ್ನು ಒಂದೇ ಕೋಣೆಯಲ್ಲಿ ಜೋಡಿಸಿಡಬೇಕೆಂಬುದು ನನ್ನ ಆಸೆ. ಒಂದು ಗೋಡೆಗೆ ಚೌಕಳಿ ಪರದೆಯ ಮುಂದಿನ ಆ ಚಿತ್ರ, ಎದುರಿಗೆ ಕೂದಲಿನ ಹಗ್ಗ. ಶಾಲಾ ಮಕ್ಕಳನ್ನು, ಕ್ಷೌರದಂಗಡಿಯವರನ್ನು, ಬ್ಯೂಟಿ ಪಾರ್ಲರಿನಲ್ಲಿ ದುಡಿಯುವ ಹುಡುಗಿಯರನ್ನು ಅಲ್ಲಿಗೆ ಕರೆತರಬೇಕು. ಅವರು ಏನು ಹೇಳುತ್ತಾರೆ ಎಂಬುದನ್ನು ನಮ್ಮ ಕಲಾವಿಮರ್ಶೆ ಇನ್ನೂ ಕೇಳಿಸಿಕೊಂಡಿಲ್ಲ.