ಬದಾಮ ರಾಣಿಯ ಹುದ್ದೆ

ನಮ್ಮ ಮನೆಯಲ್ಲಿ ಇಸ್ಪೀಟಿನ ಹೆಸರೆತ್ತುವಂತಿರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದ ಅಪ್ಪ, ಒಂದು ದೀಪಾವಳಿಯ ರಾತ್ರಿ ಅವ್ವನ ಪಾಟ್ಲಿಗಳನ್ನು ಆಟದಲ್ಲಿ ಕಳೆದು ಬಂದಿದ್ದರು. ಅವ್ವ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಅಪ್ಪನ ಅಂಗಿಯ ಜೇಬಿನಲ್ಲಿದ್ದ ಎಲೆಗಳನ್ನು ಒಂದೊಂದಾಗಿ ಒಲೆಗೆ ಹಾಕಿದಳು. ಹಂಡೆಯ ನೀರು ಕಾಯುವವರೆಗೂ ಹಾಕುತ್ತಲೇ ಇದ್ದಳು. ಅಂಥ ಮನೆಯ ಮೊಮ್ಮಗ ಈಗ ಇಸ್ಪೀಟಿನ ಕಟ್ಟುಗಳನ್ನು ಸಂಗ್ರಹಿಸುತ್ತಾನೆ!

ಆಡುವುದಕ್ಕಲ್ಲ. ಅಮೆರಿಕದಲ್ಲಿರುವ ನನ್ನ ಮಗ ಪ್ರತಿ ಸಲ ಬಂದಾಗಲೂ ಎರಡು ಮೂರು ಕಟ್ಟು ತಂದು ರಾಣೆಬೆನ್ನೂರಿನ ನಮ್ಮ ಮನೆಯ ಕಪಾಟಿನಲ್ಲಿ ಇಟ್ಟು ಹೋಗುತ್ತಾನೆ. ಎಲ್ಲವೂ ‘ಸ್ಟಾರ್ ಟ್ರೆಕ್’ ಎಂಬ ಟಿ.ವಿ. ಧಾರಾವಾಹಿಯವು. ನಿಮ್ಮಲ್ಲಿ ನನ್ನ ವಯಸ್ಸಿನವರಿದ್ದರೆ ನೆನಪಾದೀತು, 1980ರ ದಶಕದಲ್ಲಿ ದೂರದರ್ಶನದಲ್ಲಿ ರವಿವಾರ ಬರುತ್ತಿತ್ತು. ಹಾವೇರಿಯ ಓಣಿಗೆ ಒಂದೇ ಟಿ.ವಿ. ಇದ್ದ ಕಾಲ. ಇಂಗ್ಲಿಷು ಅರ್ಥವಾಗದಿದ್ದರೂ ಆ ಚೂಪು ಕಿವಿಯ ಸ್ಪಾಕ್ ಎಂಬುವನನ್ನು ನೋಡಲು ನಾವು ತಲೆಗೆ ಎಣ್ಣೆ ಹಚ್ಚಿಕೊಂಡೇ ಓಡುತ್ತಿದ್ದೆವು.

“ಸೀಲು ಒಡೀಬ್ಯಾಡ ಮಮ್ಮಿ, ಒಡದ್ರ ಕಿಮ್ಮತ್ತು ಹೋಗತೈತಿ” ಎಂದು ಮಗ ತಾಕೀತು ಮಾಡಿದ್ದ. ಸಂಗ್ರಹಕಾರರ ನಿಯಮವಂತೆ. ಓದದ ಪುಸ್ತಕಕ್ಕೇ ಹೆಚ್ಚು ಬೆಲೆ ಎಂದ ಹಾಗಾಯಿತು. ನಾನು ಮೂವತ್ತು ವರ್ಷ ಮಕ್ಕಳಿಗೆ ಪುಸ್ತಕ ತೆರೆಯಿರಿ ಎಂದು ಹೇಳಿದವಳು. ಒಂದು ಮಧ್ಯಾಹ್ನ ಒಂದು ಕಟ್ಟಿನ ಸೀಲು ಒಡೆದೇಬಿಟ್ಟೆ.

ಐವತ್ತೆರಡು ಎಲೆ, ಐವತ್ತೆರಡು ಚಿತ್ರ. ಮುದ್ರಣ ಸೊಗಸಾಗಿದೆ, ಕಾಗದ ನಯವಾಗಿದೆ. ಆದರೆ ಹತ್ತು ನಿಮಿಷದಲ್ಲಿ ನನಗೆ ಬೇಸರ ಬಂತು. ಯಾಕೆಂದರೆ ಈ ಚಿತ್ರಗಳಿಗೂ ಆಟಕ್ಕೂ ಸಂಬಂಧವೇ ಇಲ್ಲ. ಕ್ಯಾಪ್ಟನ್ ಕರ್ಕ್ ಕಿಲಾವರ ಮೂರರ ಮೇಲೂ ಇದ್ದಾನೆ, ಚೌಕಟ ಒಂಬತ್ತರ ಮೇಲೂ ಇದ್ದಾನೆ. ಅಲ್ಲೇಕೆ, ಇಲ್ಲೇಕೆ ಎಂದು ಕೇಳಿದರೆ ಉತ್ತರವಿಲ್ಲ. ಅವನನ್ನು ತೆಗೆದು ಅಲ್ಲಿ ಒಂದು ಬದನೆಕಾಯಿ ಅಂಟಿಸಿದರೂ ರಮ್ಮಿ ರಮ್ಮಿಯೇ.

ಹಾಗಾದರೆ ಕಥೆ ಆಟದೊಳಗೆ ಇಳಿಯುವುದೆಂದರೇನು? ನಮ್ಮ ಗಂಜೀಫಾ ನೋಡಿ. ದಶಾವತಾರದ ಕಟ್ಟಿನಲ್ಲಿ ದುಂಡನೆಯ 120 ಎಲೆಗಳು. ಅವತಾರಕ್ಕೆ ಹನ್ನೆರಡರಂತೆ ಹತ್ತು ಬಣ್ಣ, ಪ್ರತಿಯೊಂದರಲ್ಲೂ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಅಂಕಿಯ ಎಲೆ. ಹಗಲು ಆಡಿದರೆ ರಾಮನ ಎಲೆ ಇದ್ದವನು ಆಟ ತೆಗೆಯಬೇಕು, ರಾತ್ರಿಯಾದರೆ ಕೃಷ್ಣನ ಎಲೆ ಇದ್ದವನು. ಸೂರ್ಯವಂಶದವನಿಗೆ ಹಗಲು, ನಡುರಾತ್ರಿ ಹುಟ್ಟಿದವನಿಗೆ ರಾತ್ರಿ! ಐದು ಅವತಾರಗಳಲ್ಲಿ ಹತ್ತು ದೊಡ್ಡದು, ಉಳಿದ ಐದರಲ್ಲಿ ಒಂದೇ ದೊಡ್ಡದು. ಪುರಾಣ ಗೊತ್ತಿಲ್ಲದವನು ಆಡಲಾರ, ಆಡುತ್ತ ಆಡುತ್ತ ಪುರಾಣ ಬಾಯಿಗೆ ಬರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರಂತೂ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ 36 ಎಲೆಯಿಂದ ಹಿಡಿದು 360 ಎಲೆಯವರೆಗಿನ ಆಟಗಳನ್ನು ಕಟ್ಟಿಕೊಟ್ಟರು. ಮೈಸೂರು ಗಂಜೀಫಾಕ್ಕೂ ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ ಎಂಬುದು ನನಗೆ ಒಳಗೊಳಗೇ ಹೆಮ್ಮೆಯ ಸಂಗತಿ. ಒಂದು ಅಪ್ಪ ಬರೆದ ಲೆಕ್ಕ, ಇನ್ನೊಂದು ಅಪ್ಪ ಆಡದೇ ಹೋದ ಆಟ.

ಆದರೆ ಆ ದಶಾವತಾರದ ಕಟ್ಟಿನಲ್ಲಿ ರಾಣಿ ಇಲ್ಲ. ರಾಜನ ಕೆಳಗೆ ಮಂತ್ರಿ, ಮುಗಿಯಿತು. ರಾಣಿ ಬಂದದ್ದು ಪರದೇಶದ ಎಲೆಗಳ ಜೊತೆಗೆ. ಬಂದರೂ ರಾಜನಿಗಿಂತ ಒಂದು ಮೆಟ್ಟಿಲು ಕೆಳಗೆ, ಗುಲಾಮನಿಗಿಂತ ಒಂದು ಮೆಟ್ಟಿಲು ಮೇಲೆ. ಈ ಸ್ಥಾನ ನಮಗೆ ಹೊಸದೇನಲ್ಲ ಬಿಡಿ.

ಸ್ಟಾರ್ ಟ್ರೆಕ್ಕಿನ ಕಥೆಯೂ ಇದೇ. 1966ರಿಂದ 1969ರವರೆಗೆ ಅಮೆರಿಕದಲ್ಲಿ 79 ಕಂತು ಬಂದ ಆ ಧಾರಾವಾಹಿಗೆ ಮೊದಲು ತೆಗೆದ ಮಾದರಿ ಕಂತಿನಲ್ಲಿ ನೌಕೆಯ ಎರಡನೆಯ ಅಧಿಕಾರಿ ಒಬ್ಬ ಹೆಂಗಸು. ಅಂದರೆ ಮಂತ್ರಿಯ ಹುದ್ದೆ! ಟಿ.ವಿ. ಕಂಪನಿ ಆ ಕಂತನ್ನು ಒಪ್ಪಲಿಲ್ಲ. ಎರಡನೆಯ ಮಾದರಿಯಲ್ಲಿ ಆ ಪಾತ್ರವೇ ಇರಲಿಲ್ಲ. ಆಕೆಯ ತಣ್ಣನೆಯ ಬುದ್ಧಿ ಸ್ಪಾಕನಿಗೆ ಹೋಯಿತು. ಅದೇ ನಟಿ ಮಜೆಲ್ ಬ್ಯಾರೆಟ್ ಮುಂದೆ ನರ್ಸಾಗಿ ಬಂದಳು. ಉಳಿದವಳು ಉಹುರಾ, ಸಂಪರ್ಕಾಧಿಕಾರಿ. ಆ ಪಾತ್ರದ ನಿಚೆಲ್ ನಿಕೋಲ್ಸ್ ಮೊದಲ ವರ್ಷವೇ ಬಿಡಲು ಹೊರಟಾಗ, ಕರಿಯರ ಮಕ್ಕಳು ನಿನ್ನನ್ನು ನೋಡುತ್ತಿದ್ದಾರೆ, ಬಿಡಬೇಡ ಎಂದು ತಡೆದವರು ಮಾರ್ಟಿನ್ ಲೂಥರ್ ಕಿಂಗ್ ಎಂದು ಆಕೆಯೇ ಹೇಳಿಕೊಂಡಿದ್ದಾರೆ. ಉಹುರಾಳನ್ನು ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ನಿಜವಾಗಿಯೇ ಬಾಹ್ಯಾಕಾಶಕ್ಕೆ ಹೋಗಿ ಬಂದರು. ಇಷ್ಟು ದೊಡ್ಡ ಸಂಗತಿ ಈ ಕಟ್ಟಿನಲ್ಲಿ ಎಲ್ಲಿದೆ? ನಾನು ಒಡೆದ ಕಟ್ಟಿನಲ್ಲಿ ಆಕೆ ಬದಾಮ ರಾಣಿ. ಇನ್ನೊಂದರ ಡಬ್ಬಿಯ ಹಿಂದಿನ ಚಿತ್ರದಲ್ಲಿ ಬರೇ ಇಸ್ಪೀಟು ಐದು.

ನಾನು ನೋಡಿದ್ದರಲ್ಲಿ ನಿಜವಾದ ಧಾರಾವಾಹಿಯ ಇಸ್ಪೀಟು ಅಂಗಡಿಯದಲ್ಲ. 1998ರಲ್ಲಿ, ನೌಕರಿಯ ಹೊಸತರಲ್ಲಿ, ನನ್ನ ಐದನೆಯ ತರಗತಿಯ ಹುಡುಗನೊಬ್ಬ ಅಪ್ಪನ ಹಳೆಯ ಎಲೆಗಳ ಮೇಲೆ ಪೇಪರಿನಿಂದ ಕತ್ತರಿಸಿದ ‘ಶಕ್ತಿಮಾನ್’ ಚಿತ್ರಗಳನ್ನು ಅಂಟಿಸಿದ್ದ. ಚಿತ್ರ ಸಿಗದ ಕಡೆ ಪೆನ್ಸಿಲಿನಿಂದ ತಾನೇ ಬರೆದಿದ್ದ. ಗಂಗಾಧರನ ಎಲೆ ಎಲ್ಲಕ್ಕಿಂತ ಸಣ್ಣದು, ಕತ್ತೆಗೂ ಉಪಯೋಗವಿಲ್ಲ. ಆದರೆ ಎದುರಿನವನು ಕಿಲ್ವಿಶನ ಎಲೆ ಇಳಿಸಿದ ಕೂಡಲೇ ಅದು ಎಲ್ಲಕ್ಕಿಂತ ದೊಡ್ಡದು. ಹತ್ತು ವರ್ಷದ ಹುಡುಗ ಒಡೆಯರ ದಾರಿಯನ್ನೇ ಹಿಡಿದಿದ್ದ. ನಾನೇನು ಮಾಡಿದೆ? “ಶಾಲ್ಯಾಗ ಇಸ್ಪೀಟ ಆಡತೀಯಾ?” ಎಂದು ಕಿತ್ತುಕೊಂಡು, ಅವನ ಎದುರಿಗೇ ಹರಿದೆ. ಪಾಟ್ಲಿಯ ಸಿಟ್ಟು ಆ ಹುಡುಗನ ಮೇಲೆ ಹೋಯಿತು. ಆಟದ ನಿಯಮವನ್ನು ಅವನು ಬಿಕ್ಕುತ್ತ ವಿವರಿಸಿದ್ದು ಹರಿದ ಮೇಲೆ. ಈಗ ಅವನಿಗೆ ಮೂವತ್ತೇಳು ಮೂವತ್ತೆಂಟು ಆಗಿರಬೇಕು.

ಸೀಲು ಒಡೆದ ದಿನ ಅವ್ವ ನನ್ನ ಪಕ್ಕದಲ್ಲೇ ಬಂದು ಕೂತಳು. ಎಪ್ಪತ್ತೆಂಟು ದಾಟಿದವಳು. ಎಲೆಗಳನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

“ಅವ್ವ, ಇವು ಇಸ್ಪೀಟು” ಎಂದೆ, ಮುಚ್ಚಿಡಬಾರದೆಂದು.

“ಎಲ್ಲಿ ಇಸ್ಪೀಟ? ಬರೇ ಚಿತ್ರ ಅದಾವ. ಈಕಿ ಯಾರ, ಕಿವಿಗೆ ಏನೋ ಸಿಗಿಸ್ಕೊಂಡಾಳ? ಟೆಲಿಫೋನಿನಾಕಿಯೇನ?”

“ಹೂಂ, ಆಕಾಶದಾಗಿನ ಟೆಲಿಫೋನು.”

“ನೌಕರಿ ಮಾಡಾಕಿ ಹಂಗಾರ. ಮತ್ತ ರಾಣಿ ಅಂತ ಯಾಕ ಮಾಡ್ಯಾರ?”

ಇಷ್ಟು ಉದ್ದ ಬರೆದ ನನ್ನ ವಿಮರ್ಶೆಯನ್ನು ಅವ್ವ ಒಂದು ಮಾತಿನಲ್ಲಿ ಮುಗಿಸಿದ್ದಳು. ಆಮೇಲೆ, ತವರಿನಲ್ಲಿ ಅಣ್ಣಂದಿರ ಜೊತೆ ಆಡುತ್ತಿದ್ದೆನೆಂದು ಹೇಳಿ, ನನಗೆ ಕತ್ತೆ ಆಟ ಕಲಿಸಿದಳು. ಅವಳಿಗೆ ಆಟ ಬರುತ್ತದೆಂದು ಐವತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ. ಒಗ್ಗರಣೆ ಹಾಕಿ ಬಂದ ಕೈಯಲ್ಲೇ ಆಡಿದ್ದರಿಂದ ಬದಾಮ ರಾಣಿಯ ಮೂಲೆಗೆ ಅರಿಷಿಣ ಹತ್ತಿದೆ. ಮಗ ದೀಪಾವಳಿಗೆ ಬರುತ್ತಾನಂತೆ. ಅಷ್ಟರೊಳಗೆ ಫೋನಿನಲ್ಲಿ ಹೇಳಬೇಕು, ಇನ್ನೂ ಹೇಳಿಲ್ಲ.